ಶಿಲ್ಪಿಯ ಉಸಿರು ಮತ್ತು ಶ್ರಾವಕನ ಅಹಿಂಸೆ

ಜೈನಾಗಮಗಳು ಸಂಸಾರಿ ಜೀವದ ಬಾಹ್ಯ ಲಕ್ಷಣವನ್ನು ಪ್ರಾಣಗಳ ಮೂಲಕ ನಿರೂಪಿಸುತ್ತವೆ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲವೆಂಬ ಮೂರು ಬಲಗಳು, ಆಯು ಮತ್ತು ಶ್ವಾಸೋಚ್ಛ್ವಾಸ. ಹೀಗೆ ಪ್ರಾಣಗಳು ಹತ್ತು. ಮನಸ್ಸುಳ್ಳ ಪಂಚೇಂದ್ರಿಯ ಜೀವಿಯಾದ ಮನುಷ್ಯನಿಗೆ ಈ ಹತ್ತೂ ಉಂಟು. ಏಕೇಂದ್ರಿಯ ಜೀವಕ್ಕೆ ನಾಲ್ಕು ಮಾತ್ರ: ಸ್ಪರ್ಶನೇಂದ್ರಿಯ, ಕಾಯಬಲ, ಆಯು ಮತ್ತು ಶ್ವಾಸೋಚ್ಛ್ವಾಸ. ಕಣ್ಣಿಲ್ಲದ, ಕಿವಿಯಿಲ್ಲದ, ನಾಲಗೆಯಿಲ್ಲದ ಜೀವಕ್ಕೂ ಆಚಾರ್ಯರು ಉಸಿರನ್ನು ಹೇಳಿದ್ದಾರೆ. ಗಿಡಮರಗಳ ಉಸಿರನ್ನು ಗುರುತಿಸಿದ ಧರ್ಮಕ್ಕೆ ಮನುಷ್ಯನ ಉಸಿರಿನ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಆದರೂ ಹಿಂಸೆಯೆಂದೊಡನೆ ಸಾಮಾನ್ಯ ಶ್ರಾವಕನ ಕಣ್ಣ ಮುಂದೆ ನಿಲ್ಲುವುದು ಆಯುಧ, ರಕ್ತ, ಪ್ರಾಣಿಯ ಆಕ್ರಂದನ. ಒಬ್ಬ ಮನುಷ್ಯನ ಉಸಿರನ್ನು ಹತ್ತು ಹದಿನೈದು ವರ್ಷಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಕಸಿದುಕೊಳ್ಳುವ ಹಿಂಸೆಯೂ ಲೋಕದಲ್ಲಿದೆ. ಅದಕ್ಕೆ ಸದ್ದಿಲ್ಲ, ಅದನ್ನು ಮಾಡಿದವನು ಇಂಥವನೆಂದು ಬೆರಳು ತೋರಿಸಲು ಬರುವುದಿಲ್ಲ. ಅಂಥ ಹಿಂಸೆ ಜಿನಾಲಯವೊಂದರ ಕಂಬ, ಕಮಾನು, ಶಿಖರಗಳ ಕೆತ್ತನೆಯ ಕಾಲದಲ್ಲಿಯೇ ನಡೆದರೆ ಅದರ ಹೊಣೆ ಯಾರದು? ಕಲ್ಲುಕುಟಿಗನ ಶ್ವಾಸಕೋಶವನ್ನು ಆವರಿಸುವ ಸಿಲಿಕೋಸಿಸ್ ಎಂಬ ದೀರ್ಘವ್ಯಾಧಿಯು ಶ್ರಾವಕ ಸಮಾಜದ ಮುಂದಿಡುವ ಧರ್ಮಪ್ರಶ್ನೆ ಇದು.

ಧೂಳು ಮಾಡುವ ಕೆಲಸ

ಕಲ್ಲುಗಳೆಲ್ಲ ಒಂದೇ ಬಗೆಯವಲ್ಲ. ಶುದ್ಧವಾದ ಅಮೃತಶಿಲೆ ಮುಖ್ಯವಾಗಿ ಸುಣ್ಣದ ಅಂಶದಿಂದಾದುದು. ಅದರಲ್ಲಿ ಸಿಲಿಕಾ ಬಹಳ ಕಡಿಮೆ. ಕರ್ನಾಟಕದ ಕಗ್ಗಲ್ಲಿನಲ್ಲಿ ಸಾಧಾರಣವಾಗಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಸ್ಫಟಿಕರೂಪದ ಸಿಲಿಕಾ ಇರುತ್ತದೆ. ಮರಳುಗಲ್ಲಿನ ಬಹುಭಾಗವೇ ಅದು. ಕಲ್ಲನ್ನು ಕೊರೆದಾಗ, ಉಜ್ಜಿದಾಗ, ಕತ್ತರಿಸಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ತಡೆದು ನಿಲ್ಲುತ್ತವೆ, ಕೆಮ್ಮಿದಾಗ ಹೊರಬೀಳುತ್ತವೆ. ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಐದಕ್ಕಿಂತಲೂ ಸಣ್ಣದಾದ ಕಣ ಕಣ್ಣಿಗೆ ಕಾಣುವುದಿಲ್ಲ. ಅದು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ ಮತ್ತು ಉಸಿರಿನೊಡನೆ ಶ್ವಾಸಕೋಶದ ಅತ್ಯಂತ ಒಳಗಿನ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಮುಖಕ್ಕೆ ಕಟ್ಟಿಕೊಂಡ ಬಟ್ಟೆ ಅದನ್ನು ತಡೆಯಲಾರದು.

ಗಾಳಿಗೂಡುಗಳಲ್ಲಿ ಹೊರಗಿನ ಕಸವನ್ನು ನುಂಗಿ ಕರಗಿಸುವ ಕಾವಲು ಜೀವಕೋಶಗಳಿವೆ. ಅವು ಸಿಲಿಕಾ ಕಣವನ್ನೂ ನುಂಗುತ್ತವೆ, ಆದರೆ ಕರಗಿಸಲಾರದೆ ತಾವೇ ಸಾಯುತ್ತವೆ. ಆಗ ಆ ಕಣ ಮತ್ತೆ ಹೊರಬೀಳುತ್ತದೆ. ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಹೀಗೆ ಒಂದೇ ಕಣ ಪುನಃಪುನಃ ಉರಿಯೂತವನ್ನು ಉಂಟುಮಾಡುತ್ತ, ಮೃದುವಾದ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಟ್ಟಿ ಗಂಟುಗಳನ್ನು ಬೆಳೆಸುತ್ತದೆ. ಗಂಟುಗಳು ಒಂದಕ್ಕೊಂದು ಕೂಡಿಕೊಂಡಂತೆ ಶ್ವಾಸಕೋಶ ಹಿಗ್ಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮೊದಲು ಏರು ಹತ್ತುವಾಗ ದಮ್ಮು, ಅನಂತರ ಸಮನೆಲದಲ್ಲಿ ನಡೆಯುವಾಗ, ಕಡೆಗೆ ಹಾಸಿಗೆಯಲ್ಲಿ ಕುಳಿತಿದ್ದರೂ ದಮ್ಮು.

ಈ ರೋಗದ ಎರಡು ಗುಣಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು, ಬೆಳೆದ ಗಂಟುಗಳನ್ನು ಕರಗಿಸುವ ಔಷಧಿಯಿಲ್ಲ. ಎರಡು, ಕೆಲಸ ಬಿಟ್ಟ ಮೇಲೆಯೂ ರೋಗ ನಿಲ್ಲದೆ ಮುಂದುವರಿಯಬಹುದು. ಒಳಗೆ ಕುಳಿತ ಕಣ ತನ್ನ ಕೆಲಸವನ್ನು ಬಿಡುವುದಿಲ್ಲ. ಇದರ ಜೊತೆಗೆ ಕ್ಷಯವೂ ಸೇರುತ್ತದೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ನಡೆದ ಅಧ್ಯಯನದಲ್ಲಿ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡುಬಂದಿತು. ಸ್ಫಟಿಕ ಸಿಲಿಕಾ ಧೂಳು ಮನುಷ್ಯರಲ್ಲಿ ಶ್ವಾಸಕೋಶದ ಅರ್ಬುದಕ್ಕೂ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ನಿರ್ಣಯಿಸಿತು. ಧೂಳು ಮಿತವಾಗಿದ್ದರೆ ರೋಗ ತೋರಲು ಹತ್ತಿಪ್ಪತ್ತು ವರ್ಷ ಬೇಕು. ಧೂಳು ಅತಿಯಾದರೆ ಕೆಲವೇ ವರ್ಷಗಳು ಸಾಕು. ಧೂಳಿನ ಪ್ರಮಾಣ ಹೆಚ್ಚಿದಷ್ಟೂ ಆಯುಷ್ಯ ಕುಗ್ಗುವುದು ಈ ವ್ಯಾಧಿಯ ಸಾಮಾನ್ಯ ಗತಿ.

ಇದು ಇಂದು ನಿನ್ನೆಯ ತಿಳಿವಳಿಕೆಯಲ್ಲ. 1556ರಲ್ಲಿ ಅಚ್ಚಾದ ಅಗ್ರಿಕೋಲನ ಗಣಿವಿದ್ಯೆಯ ಗ್ರಂಥದಲ್ಲಿ, ಗಣಿಯ ಧೂಳಿನಿಂದ ಗಂಡಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಕಳೆದುಕೊಂಡು ಏಳು ಸಲ ಮದುವೆಯಾದ ಸ್ತ್ರೀಯರ ಪ್ರಸ್ತಾಪವಿದೆ. ಭಾರತದಲ್ಲಿ ಮಧ್ಯಪ್ರದೇಶದ ಮಂದಸೌರಿನಲ್ಲಿ ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಕಡ್ಡಿಗಳನ್ನು ಕೊಯ್ಯುತ್ತಿದ್ದ 593 ಕಾರ್ಮಿಕರನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿತ್ತು. ಗುಜರಾತಿನ ಬಿಳಿಗಲ್ಲು ಪುಡಿಮಾಡುವ ಕಾರ್ಖಾನೆಗಳಲ್ಲಿ ದುಡಿದು ಮಡಿದ ಮಧ್ಯಪ್ರದೇಶದ 238 ಕೂಲಿಕಾರರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಆಜ್ಞಾಪಿಸಿತು.

ದೇವಾಲಯ ಕೆತ್ತುವ ಊರು

ರಾಜಸ್ಥಾನದ ಸಿರೋಹಿ ಜಿಲ್ಲೆ ಜೈನರಿಗೆ ಅಪರಿಚಿತವಲ್ಲ. ಆಬೂ ಪರ್ವತದ ದಿಲ್ವಾಡಾ ಮಂದಿರಗಳು ಅಲ್ಲಿವೆ. 1031ರಲ್ಲಿ ವಿಮಲಶಾಹನೂ 1230ರ ವೇಳೆಗೆ ವಸ್ತುಪಾಲ-ತೇಜಪಾಲ ಸಹೋದರರೂ ಕಟ್ಟಿಸಿದ ಆ ಜಿನಾಲಯಗಳ ವಿಷಯದಲ್ಲಿ ಒಂದು ಐತಿಹ್ಯವಿದೆ. ಶಿಲ್ಪಿಗಳು ಕೆರೆದು ಉದುರಿಸಿದ ಅಮೃತಶಿಲೆಯ ಪುಡಿಯನ್ನು ತೂಗಿ, ಅಷ್ಟೇ ತೂಕದ ಬೆಳ್ಳಿಬಂಗಾರವನ್ನು ಕೂಲಿಯಾಗಿ ಕೊಡುತ್ತಿದ್ದರಂತೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಬಗೆಗೂ ಚಾವುಂಡರಾಯನು ಶಿಲ್ಪಿಗೆ ಕಲ್ಲಿನ ಚೂರುಗಳ ತೂಕದ ಚಿನ್ನವನ್ನು ಕೊಟ್ಟನೆಂಬ ಕಥೆ ಜನರ ಬಾಯಲ್ಲಿದೆ. ಎರಡೂ ಕಥೆಗಳು ಚರಿತ್ರೆಯೋ ಕಲ್ಪನೆಯೋ ಎಂಬುದು ಬೇರೆ ಮಾತು. ಜಿನಾಲಯ ಕಟ್ಟಿಸುವವನು ಶಿಲ್ಪಿಯ ಕೈಯಿಂದ ಉದುರಿದ ಪುಡಿಗೂ ಲೆಕ್ಕ ಇಡಬೇಕೆಂಬ ಭಾವನೆ ಉತ್ತರದಲ್ಲಿಯೂ ದಕ್ಷಿಣದಲ್ಲಿಯೂ ಇತ್ತೆಂಬುದು ಅವುಗಳಿಂದ ತಿಳಿಯುತ್ತದೆ.

ಅದೇ ಸಿರೋಹಿ ಜಿಲ್ಲೆಯ ಪಿಂಡವಾಡಾ ಇಂದು ದೇವಾಲಯದ ಶಿಲೆಗಳನ್ನು ಕೆತ್ತಿ ಕಳುಹಿಸುವ ದೊಡ್ಡ ಕೇಂದ್ರ. ಅಲ್ಲಿನ ಕೆತ್ತನೆ ಭಾರತದ ಅನೇಕ ರಾಜ್ಯಗಳ ಮತ್ತು ವಿದೇಶಗಳ ಮಂದಿರಗಳಿಗೆ ಹೋಗುತ್ತದೆ. ಜೈನ, ವೈಷ್ಣವ ಎಂಬ ಭೇದವಿಲ್ಲದೆ ಎಲ್ಲ ಸಂಪ್ರದಾಯದವರೂ ಅಲ್ಲಿಗೆ ಕೆಲಸ ಒಪ್ಪಿಸುತ್ತಾರೆ. ಕೆತ್ತುವವರಲ್ಲಿ ಗರಾಸಿಯಾ ಮುಂತಾದ ಆದಿವಾಸಿ ಸಮುದಾಯದವರೂ ದಲಿತರೂ ಬಹಳ. ಹಿಂದೆ ಸುತ್ತಿಗೆ ಮತ್ತು ಉಳಿಯಿಂದ ನಿಧಾನವಾಗಿ ನಡೆಯುತ್ತಿದ್ದ ಕೆಲಸ ಈಗ ವಿದ್ಯುತ್ತಿನಿಂದ ತಿರುಗುವ ಗ್ರೈಂಡರುಗಳಿಂದ ವೇಗವಾಗಿ ಸಾಗುತ್ತದೆ. ಉಳಿಯ ಪೆಟ್ಟಿಗೆ ಚಕ್ಕೆಗಳು ಹೆಚ್ಚು ಸಿಡಿದರೆ, ಗ್ರೈಂಡರಿನ ಚಕ್ರದಿಂದ ಹಿಟ್ಟಿನಂಥ ಧೂಳು ಏಳುತ್ತದೆ. ಕೆತ್ತುವವನ ಮುಖ ಕಲ್ಲಿನಿಂದ ಒಂದು ಅಡಿ ದೂರದಲ್ಲಿರುತ್ತದೆ. ಹದಿಹರೆಯದಲ್ಲಿಯೇ ಕೆಲಸಕ್ಕೆ ಸೇರಿ, ಮೂವತ್ತು ನಾಲ್ವತ್ತರ ವಯಸ್ಸಿನಲ್ಲಿ ಉಸಿರಾಡಲಾರದೆ ಮಲಗಿದವರ, ಎಳೆಯ ವಯಸ್ಸಿನಲ್ಲಿ ವಿಧವೆಯರಾದವರ ವೃತ್ತಾಂತಗಳು ಆ ಪ್ರದೇಶದಿಂದ ಹಲವು ವರ್ಷಗಳಿಂದ ವರದಿಯಾಗಿವೆ. ಕ್ಷಯವೆಂದು ತಪ್ಪಾಗಿ ತಿಳಿದು ವರ್ಷಗಟ್ಟಲೆ ಅದಕ್ಕೇ ಔಷಧಿ ಸೇವಿಸಿದವರೂ ಉಂಟು. ರಾಜಸ್ಥಾನ ಸರ್ಕಾರ 2019ರಲ್ಲಿ ಈ ರೋಗದ ಬಗೆಗೆ ಪ್ರತ್ಯೇಕ ನೀತಿಯನ್ನು ಪ್ರಕಟಿಸಿ, ಪ್ರಮಾಣಪತ್ರ ಪಡೆದ ರೋಗಿಗೆ 3 ಲಕ್ಷ, ಅವನು ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ ರೂಪಾಯಿಗಳ ನೆರವನ್ನು ಗೊತ್ತುಮಾಡಿತು. ಸರ್ಕಾರವೇ ಇಂಥ ನೀತಿಯನ್ನು ರೂಪಿಸಬೇಕಾಯಿತೆಂದರೆ ಅಲ್ಲಿ ಸತ್ತವರು ಒಬ್ಬಿಬ್ಬರಲ್ಲವೆಂಬುದು ಸ್ಪಷ್ಟ.

ಇದು ದೂರದ ರಾಜ್ಯದ ಸಂಗತಿಯೆಂದು ಕನ್ನಡ ನಾಡಿನ ಶ್ರಾವಕರು ಸುಮ್ಮನಿರುವಂತಿಲ್ಲ. ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ, ಕಾರ್ಕಳದ ಸುತ್ತಿನಲ್ಲಿ ಇಂದಿಗೂ ಮೂರ್ತಿ ಕೆತ್ತುವ ಮನೆತನಗಳಿವೆ. ಬಸದಿಗಳ ಜೀರ್ಣೋದ್ಧಾರ, ಹೊಸ ಮಾನಸ್ತಂಭ, ಹೊಸ ಜಿನಬಿಂಬಗಳ ಕೆಲಸ ಅಲ್ಲಲ್ಲಿ ನಡೆದೇ ಇದೆ. ಕಗ್ಗಲ್ಲಿನ ಧೂಳು ತುಳುನಾಡಿನಲ್ಲಿಯೂ ಕೋಲಾರದಲ್ಲಿಯೂ ಮಾರವಾಡದಲ್ಲಿಯೂ ಶ್ವಾಸಕೋಶದ ಒಳಗೆ ಒಂದೇ ಬಗೆಯ ಕೆಲಸ ಮಾಡುತ್ತದೆ.

‘ಅವನ ಆಯುಷ್ಯ ಅಷ್ಟೇ ಇತ್ತು’

ಇಂಥ ಸಾವಿನ ಸುದ್ದಿ ಬಂದಾಗ ಸಹಜವಾಗಿ ಹೊರಡುವ ಮಾತು: ಆಯುಕರ್ಮ ತೀರಿತು, ಯಾರೇನು ಮಾಡಲಾದೀತು? ಕರ್ಮಸಿದ್ಧಾಂತವನ್ನು ನಂಬುವವನ ಬಾಯಲ್ಲಿ ಇದು ವೈರಾಗ್ಯದ ನುಡಿಯಂತೆ ತೋರುತ್ತದೆ. ಆದರೆ ಸಿದ್ಧಾಂತ ಹೀಗೆ ಹೇಳುವುದಿಲ್ಲ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಆಚಾರ್ಯರು, ಯಾರ ಆಯುಷ್ಯವನ್ನು ಹೊರಗಿನ ಕಾರಣಗಳಿಂದ ಕುಗ್ಗಿಸಲು ಸಾಧ್ಯವಿಲ್ಲವೋ ಅವರನ್ನು ಎಣಿಸಿ ಹೇಳಿದ್ದಾರೆ: ದೇವ-ನಾರಕರು, ಚರಮೋತ್ತಮ ದೇಹಧಾರಿಗಳು, ಭೋಗಭೂಮಿಯ ಅಸಂಖ್ಯಾತ ವರ್ಷಾಯುಷ್ಯವುಳ್ಳವರು. ಈ ಕಾಲದ, ಈ ಕ್ಷೇತ್ರದ ಸಾಮಾನ್ಯ ಮನುಷ್ಯ ಆ ಪಟ್ಟಿಯಲ್ಲಿಲ್ಲ. ಅವನ ಆಯುಷ್ಯ ಅಪವರ್ತನೀಯ. ಅಂದರೆ ನಿಮಿತ್ತಗಳಿಂದ ಅಕಾಲದಲ್ಲಿ ಮುಗಿಯಬಲ್ಲದು. ಬಾಳೆಯ ಗಿಡವನ್ನು ಕಡಿದಂತೆ ನಡುವೆಯೇ ತುಂಡಾಗುವ ಇಂಥ ಮರಣಕ್ಕೆ ಕದಲೀಘಾತವೆಂದು ಹೆಸರು.

ಆಯುಷ್ಯವನ್ನು ಹೀಗೆ ಸವೆಯಿಸುವ ಕಾರಣಗಳಾವುವು ಎಂಬುದನ್ನೂ ಪ್ರಾಚೀನರು ಬಿಟ್ಟಿಲ್ಲ. ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿ ವಿಷ, ಶಸ್ತ್ರ, ರಕ್ತಕ್ಷಯ, ಭಯ ಮುಂತಾದವುಗಳ ಸಾಲಿನಲ್ಲಿ ಆಹಾರದ ತಡೆಯೂ ಉಸಿರಿನ ತಡೆಯೂ ಸೇರಿವೆ. ಉಸಿರನ್ನು ತಡೆಯುವುದು ಶಸ್ತ್ರಾಘಾತದ ಜೊತೆಯಲ್ಲಿಯೇ ಎಣಿಸಲ್ಪಟ್ಟಿದೆ ಎಂಬುದು ಇಲ್ಲಿ ಮುಖ್ಯ. ಒಂದು ಕ್ಷಣದಲ್ಲಿ ಕತ್ತು ಹಿಸುಕಿದರೂ ಉಸಿರಿನ ತಡೆ. ಹನ್ನೆರಡು ವರ್ಷ ಧೂಳು ಕುಡಿಸಿದರೂ ಉಸಿರಿನ ತಡೆ. ಕಾಲದ ಅಂತರದಿಂದ ಕರ್ಮದ ಜಾತಿ ಬದಲಾಗುವುದಿಲ್ಲ. ಆದುದರಿಂದ ಅಕಾಲದಲ್ಲಿ ತೀರಿಕೊಂಡ ಶಿಲ್ಪಿಯ ಬಗೆಗೆ ಆಯುಷ್ಯ ಅಷ್ಟೇ ಇತ್ತೆನ್ನುವವನು ಸಿದ್ಧಾಂತವನ್ನು ಅರ್ಧ ಮಾತ್ರ ಓದಿದವನು. ಅವನಿಗೆ ಉಳಿದಿದ್ದ ಆಯುಷ್ಯವನ್ನು ಧೂಳು ಕಡಿಯಿತು. ಆ ಧೂಳನ್ನು ಎಬ್ಬಿಸಿದ ಕೆಲಸಕ್ಕೆ ಒಬ್ಬ ಒಡೆಯನಿದ್ದ.

ಸಲ್ಲೇಖನದ ಹೆಸರೆತ್ತಿ ಈ ಸಾವನ್ನು ಹಗುರಮಾಡಲೂ ಬಾರದು. ಪ್ರತೀಕಾರವಿಲ್ಲದ ರೋಗದಲ್ಲಿ ಶರೀರತ್ಯಾಗವನ್ನು ಸಮಂತಭದ್ರಾಚಾರ್ಯರು ಹೇಳಿದುದು ಧರ್ಮಾರ್ಥವಾಗಿ, ಕಷಾಯಗಳನ್ನು ಕೃಶಗೊಳಿಸಿ, ತಿಳಿದು ಕೈಗೊಳ್ಳುವ ವ್ರತವಾಗಿ. ಉಸಿರಿಗಾಗಿ ತಡಕಾಡುತ್ತ, ಸಾಲದ ಭಾರವನ್ನೂ ಎಳೆಯ ಮಕ್ಕಳ ಚಿಂತೆಯನ್ನೂ ಹೊತ್ತು ಸಾಯುವವನಿಗೆ ಶಾಂತಪರಿಣಾಮಕ್ಕೆ ಅವಕಾಶವೇ ಇಲ್ಲ. ಅವನ ಆರ್ತಧ್ಯಾನಕ್ಕೆ ನಿಮಿತ್ತನಾದವನು ಅವನ ಇಹದ ಜೊತೆಗೆ ಪರವನ್ನೂ ಕೆಡಿಸಿದಂತಾಯಿತು.

ಮಾಡಿಸಿದವನ ಪಾಲು

ಎರಡನೆಯ ಆಕ್ಷೇಪ ವ್ಯವಹಾರದ್ದು. ಟ್ರಸ್ಟು ಗುತ್ತಿಗೆ ಕೊಟ್ಟಿತು. ಗುತ್ತಿಗೆದಾರ ಕೂಲಿ ಕೊಟ್ಟ. ಕೆಲಸಗಾರ ಒಪ್ಪಿಯೇ ಬಂದ. ಇದರಲ್ಲಿ ಕಟ್ಟಿಸುವವನ ತಪ್ಪೇನು? ಲೌಕಿಕ ನ್ಯಾಯಾಲಯದಲ್ಲಿ ಈ ವಾದ ಕೆಲವೊಮ್ಮೆ ನಿಲ್ಲಬಹುದು. 1948ರ ಕಾರ್ಖಾನೆ ಕಾಯಿದೆಯೇ ಸಿಲಿಕೋಸಿಸ್ ರೋಗವನ್ನು ಅಧಿಕಾರಿಗಳಿಗೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೂ ಸಣ್ಣ ಕೆತ್ತನೆ ಶೆಡ್ಡಿನಲ್ಲಿ ದಿನಗೂಲಿಗೆ ದುಡಿದವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ರೋಗ ತೋರುವ ವೇಳೆಗೆ ಅವನು ನಾಲ್ಕೈದು ಕಡೆ ದುಡಿದಿರುತ್ತಾನೆ. ಯಾರ ಧೂಳು ಅವನನ್ನು ಕೊಂದಿತೆಂದು ಸಾಕ್ಷಿ ಹೇಳುವವರಿಲ್ಲ.

ಆದರೆ ಜೈನಧರ್ಮದ ನ್ಯಾಯಪೀಠ ಬೇರೆ. ಅಲ್ಲಿ ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಿಂದ ಕರ್ಮ ಒಳಬರುತ್ತದೆ. ತಾನು ಮಾಡಿದುದು ಮಾತ್ರವಲ್ಲ, ಮಾಡಿಸಿದುದೂ ಒಪ್ಪಿ ಸುಮ್ಮನಿದ್ದುದೂ ತನ್ನದೇ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಸೂಕ್ಷ್ಮಭೇದಗಳನ್ನು ವಿವರಿಸುತ್ತ, ಕೈ ಮಾಡಿದವರ ಸಂಖ್ಯೆಗೂ ಫಲ ಉಣ್ಣುವವರ ಸಂಖ್ಯೆಗೂ ಹೊಂದಿಕೆ ಇರಲೇಬೇಕೆಂದಿಲ್ಲವೆಂದು ತೋರಿಸಿದ್ದಾರೆ. ಒಬ್ಬನ ಕೃತ್ಯದಲ್ಲಿ ಹಲವರು ಪಾಲುದಾರರಾಗಬಹುದು. ಹನ್ನೊಂದು ಮಂದಿ ವಿಶ್ವಸ್ತರು ಕೂಡಿ ಒಂದು ನಿರ್ಣಯ ಅಂಗೀಕರಿಸಿದಾಗ ಹೊಣೆ ಹನ್ನೊಂದು ಪಾಲಾಗಿ ಹಂಚಿಹೋಗಿ ಅತ್ಯಲ್ಪವಾಗುವುದೆಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ಸ್ಫೋಟಜೀವಿಕೆಯೂ ಒಂದು: ನೆಲ ಅಗೆಯುವುದು, ಕಲ್ಲು ಒಡೆಯುವುದು ಮುಂತಾದ ಪೃಥ್ವೀಕಾಯದ ಆರಂಭದಿಂದ ಜೀವನ ಮಾಡುವುದು. ಪೃಥ್ವೀಕಾಯದ ಮೇಲಣ ಕರುಣೆಯಿಂದ ಜೈನ ಗೃಹಸ್ಥನು ಉಳಿಯನ್ನು ತಾನು ಹಿಡಿಯಲಿಲ್ಲ. ಬೇರೊಬ್ಬನ ಕೈಗೆ ಕೊಟ್ಟನು. ತಾನು ಮಾಡಬಾರದೆಂದು ಬಿಟ್ಟ ವೃತ್ತಿಯ ಫಲವನ್ನು ಬೇರೆಯವನಿಂದ ಪಡೆಯುವವನಿಗೆ ಆ ಬೇರೆಯವನ ದೇಹದ ಬಗೆಗೆ ಇರಬೇಕಾದ ಎಚ್ಚರ ಸಾಮಾನ್ಯ ಗಿರಾಕಿಯದಕ್ಕಿಂತ ಹೆಚ್ಚಿನದು.

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತಿನ ಮೇಲೆ ಶಕ್ತಿಮೀರಿ ಹೊರೆ ಹೇರುವುದನ್ನು ದೋಷವೆಂದು ಬಗೆದ ಶಾಸ್ತ್ರಕ್ಕೆ, ಮನುಷ್ಯನ ಶ್ವಾಸಕೋಶದ ಮೇಲೆ ಅದು ತಾಳಲಾರದ ಹೊರೆ ಹೇರುವುದು ದೋಷವಾಗಿ ಕಾಣದೆಂದು ಹೇಳಲು ಸಾಧ್ಯವೆ? ಈ ಅತಿಚಾರಗಳ ಪಟ್ಟಿಯೇ ಇನ್ನೊಂದು ಎಚ್ಚರವನ್ನೂ ಕೊಡುತ್ತದೆ. ಪಾಪಭೀತಿಯಿಂದ ಕಲ್ಲಿನ ಕೆಲಸವನ್ನೇ ನಿಲ್ಲಿಸಿಬಿಟ್ಟರೆ ಶಿಲ್ಪಿಯ ಮನೆಯ ಒಲೆ ಆರುತ್ತದೆ. ಅದು ಅನ್ನಪಾನನಿರೋಧಕ್ಕೆ ಸಮೀಪದ ದೋಷ. ಕೆಲಸವೂ ಬೇಕು, ಉಸಿರೂ ಉಳಿಯಬೇಕು. ಕಷ್ಟವಾದರೂ ದಾರಿ ಅದೊಂದೇ.

ಸಾಗರದಲ್ಲಿ ವಿಷಕಣ

ಮೂರನೆಯ ಆಕ್ಷೇಪಕ್ಕೆ ಶಾಸ್ತ್ರದ ಆಧಾರವೇ ಇರುವಂತೆ ತೋರುತ್ತದೆ. ಜಿನಪೂಜೆಯಲ್ಲಿ ಹೂವು, ನೀರು, ದೀಪಗಳಿಂದಾಗುವ ಅಲ್ಪ ಸಾವದ್ಯವು ಮಹಾಪುಣ್ಯರಾಶಿಯ ಮುಂದೆ ಗಣನೆಗೆ ಬಾರದೆಂದು ಹೇಳಲು ಸಮಂತಭದ್ರರು ಸ್ವಯಂಭೂಸ್ತೋತ್ರದ ವಾಸುಪೂಜ್ಯಸ್ತುತಿಯಲ್ಲಿ ಸಾಗರವನ್ನೂ ವಿಷಕಣವನ್ನೂ ದೃಷ್ಟಾಂತವಾಗಿ ಕೊಟ್ಟಿದ್ದಾರೆ. ಮಂದಿರ ನಿರ್ಮಾಣಕ್ಕೂ ಇದೇ ಮಾತು ಅನ್ವಯಿಸುವುದಿಲ್ಲವೆ? ಸಾವಿರಾರು ಭವ್ಯರಿಗೆ ಸಮ್ಯಗ್ದರ್ಶನದ ನಿಮಿತ್ತವಾಗುವ ಜಿನಾಲಯದ ಮುಂದೆ ಕೆಲವರ ಕಾಯಿಲೆ ಎಷ್ಟರದು?

ಈ ವಾದ ದೃಷ್ಟಾಂತವನ್ನು ಅದರ ಮಿತಿ ಮೀರಿ ಎಳೆಯುತ್ತದೆ. ಆಚಾರ್ಯರು ಹೇಳಿದುದು ಸಾವದ್ಯದ ಲೇಶವನ್ನು ಕುರಿತು; ಗೃಹಸ್ಥನು ಎಷ್ಟು ಎಚ್ಚರದಿಂದಿದ್ದರೂ ಪೂಜಾಕಾರ್ಯದಲ್ಲಿ ತಪ್ಪಿಸಲಾಗದ ಏಕೇಂದ್ರಿಯಾದಿಗಳ ವಿರಾಧನೆಯನ್ನು ಕುರಿತು. ಹತ್ತು ಪ್ರಾಣಗಳುಳ್ಳ ಮನುಷ್ಯನನ್ನು ಇಪ್ಪತ್ತು ವರ್ಷ ಮೊದಲೇ ಕಳೆದುಕೊಳ್ಳುವುದನ್ನು ಲೇಶವೆಂದು ಯಾವ ಆಚಾರ್ಯರೂ ಕರೆದಿಲ್ಲ. ಅದಲ್ಲದೆ ಆರಂಭೀ ಹಿಂಸೆಗೆ ಗೃಹಸ್ಥನಿಗಿರುವ ಅವಕಾಶ ಯತ್ನಾಚಾರಕ್ಕೆ ಬದ್ಧವಾದುದು. ತಪ್ಪಿಸುವ ಉಪಾಯ ತಿಳಿದಿದ್ದೂ ಖರ್ಚಿಗೆ ಹಿಂಜರಿದು, ಅಥವಾ ವಿಚಾರಿಸುವ ತೊಂದರೆಗೆ ಬೇಸತ್ತು ತಪ್ಪಿಸದೆ ಇದ್ದರೆ ಅದು ಆರಂಭದ ಮಿತಿಯೊಳಗೆ ನಿಲ್ಲುವುದಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಾಣಘಾತದ ಜೊತೆಗೆ ಪ್ರಮಾದವನ್ನು ಸೇರಿಸಿದುದು ಇದೇ ಕಾರಣಕ್ಕಾಗಿ. 981ರಲ್ಲಿ ವಿಂಧ್ಯಗಿರಿಯ ಮೇಲೆ ಕೆಲಸ ಮಾಡಿಸಿದವರಿಗೆ ಕಾಣದ ಧೂಳಿನ ವಿಷಯ ತಿಳಿದಿರಲು ಸಾಧ್ಯವಿರಲಿಲ್ಲ. ಇಂದು ಅದು ಎಲ್ಲರಿಗೂ ಸಿಗುವ ತಿಳಿವಳಿಕೆ. ತಿಳಿಯಬಹುದಾದುದನ್ನು ತಿಳಿಯದೆ ಇರುವುದಕ್ಕೂ ಪ್ರಮಾದವೆಂದೇ ಹೆಸರು.

ನೀರಿನ ಜೀವ, ಮನುಷ್ಯನ ಜೀವ

ಉಪಾಯವೇನೆಂದು ವಿಚಾರಿಸಿದಾಗ ಮೊದಲು ಬರುವ ಉತ್ತರ ನೀರು. ಕತ್ತರಿಸುವ ಚಕ್ರದ ಮೇಲೆ ನೀರು ಹರಿಯುತ್ತಿದ್ದರೆ ಧೂಳು ಹುಟ್ಟುವ ಸ್ಥಳದಲ್ಲಿಯೇ ಕೆಸರಾಗಿ ಕೆಳಗೆ ಬೀಳುತ್ತದೆ; ಗಾಳಿಗೆ ಸೇರುವ ಪ್ರಮಾಣ ಬಹುಮಟ್ಟಿಗೆ ತಗ್ಗುತ್ತದೆ. ಸೂಕ್ಷ್ಮ ಕೆತ್ತನೆಗೆ ನೀರು ಒಗ್ಗದ ಕಡೆ ಧೂಳನ್ನು ಹೀರುವ ಯಂತ್ರವನ್ನು ಉಪಕರಣಕ್ಕೇ ಜೋಡಿಸಬಹುದು. ಇಲ್ಲಿ ವ್ರತನಿಷ್ಠನಾದ ಶ್ರಾವಕನಿಗೆ ಒಂದು ಶಂಕೆ ಹುಟ್ಟಬಹುದು. ನೀರು ಅಪ್ಕಾಯ ಜೀವಗಳ ಆಶ್ರಯ. ಕುಡಿಯುವ ನೀರನ್ನೂ ಎರಡು ಪದರದ ಬಟ್ಟೆಯಲ್ಲಿ ಗಾಲಿಸಿ ಬಳಸುವ ಸಂಪ್ರದಾಯ ದಿನವಿಡೀ ಕಲ್ಲಿನ ಮೇಲೆ ನೀರು ಸುರಿಸುವುದನ್ನು ಹೇಗೆ ಒಪ್ಪೀತು?

ಈ ಶಂಕೆಯನ್ನು ನಗಬೇಕಾಗಿಲ್ಲ. ಅದರ ಹಿಂದಿರುವ ಸೂಕ್ಷ್ಮಬುದ್ಧಿಯೇ ಜೈನಾಚಾರದ ಜೀವಾಳ. ಆದರೆ ಶ್ರಾವಕನ ವ್ರತ ತ್ರಸಜೀವಗಳ ಸಂಕಲ್ಪೀ ಹಿಂಸೆಯ ಸಂಪೂರ್ಣ ತ್ಯಾಗವನ್ನೂ ಸ್ಥಾವರಗಳ ವಿಷಯದಲ್ಲಿ ಅನಾವಶ್ಯಕ ಹಿಂಸೆಯ ತ್ಯಾಗವನ್ನೂ ವಿಧಿಸುತ್ತದೆ. ಮನುಷ್ಯನ ಪ್ರಾಣವನ್ನು ಉಳಿಸಲು ಬೇಕಾದ ನೀರು ಅನಾವಶ್ಯಕವಲ್ಲ. ಗಾಲಿಸಿದ ನೀರನ್ನೇ ತೊಟ್ಟಿಯಲ್ಲಿ ತಿಳಿಗೊಳಿಸಿ ಪುನಃ ಬಳಸಿದರೆ ನೀರಿನ ಆರಂಭವೂ ಕಡಿಮೆಯಾಗುತ್ತದೆ. ಕೆಸರು ಒಣಗಿ ಮತ್ತೆ ಧೂಳಾಗದಂತೆ ಹಸಿಯಿರುವಾಗಲೇ ತೆಗೆಸುವುದು ಆದಾನನಿಕ್ಷೇಪಣದ ಎಚ್ಚರವೇ ಸರಿ. ದಿಗಂಬರ ಮುನಿ ಕುಳಿತುಕೊಳ್ಳುವ ಮೊದಲು ಪಿಂಛಿಯಿಂದ ನೆಲವನ್ನು ಮೃದುವಾಗಿ ಪ್ರಮಾರ್ಜಿಸುವುದನ್ನು ನೋಡಿ ಬೆಳೆದ ಸಮಾಜಕ್ಕೆ ಧೂಳಿನ ವಿಷಯದಲ್ಲಿ ಎಚ್ಚರ ಕಲಿಯುವುದು ಕಷ್ಟವಾಗಲಾರದು.

ವಿಶ್ವಸ್ತ ಮಂಡಳಿಗಳ ಕರ್ತವ್ಯ

ಮಂದಿರ ಕಟ್ಟಿಸುವ ಟ್ರಸ್ಟುಗಳು ಸಾಮಾನ್ಯವಾಗಿ ಕರಾರಿನಲ್ಲಿ ಕಲ್ಲಿನ ಬಣ್ಣ, ಕೆತ್ತನೆಯ ವಿನ್ಯಾಸ, ಮುಗಿಸಬೇಕಾದ ತಿಥಿ, ಕಂತಿನ ಮೊತ್ತ ಇವುಗಳನ್ನು ಖಂಡಿತವಾಗಿ ಬರೆಯಿಸುತ್ತವೆ. ಅದೇ ಕರಾರಿನಲ್ಲಿ ಇನ್ನು ಕೆಲವು ವಾಕ್ಯಗಳಿಗೆ ಸ್ಥಳವಿದೆ. ಒಣಗಿದ ಕಲ್ಲನ್ನು ಗ್ರೈಂಡರಿನಿಂದ ಕತ್ತರಿಸಬಾರದು. ನೀರು ಅಥವಾ ಧೂಳು ಹೀರುವ ಯಂತ್ರ ಇರಲೇಬೇಕು. ಕೆಲಸಗಾರರಿಗೆ ಸೂಕ್ಷ್ಮ ಧೂಳನ್ನು ತಡೆಯುವ ಮುಖವಾಡ ಕೊಡಬೇಕು. ಆದರೆ ಮುಖವಾಡವೊಂದನ್ನೇ ನಂಬಬಾರದು, ಏಕೆಂದರೆ ಬೇಸಗೆಯ ಬಿಸಿಲಿನಲ್ಲಿ ಅದನ್ನು ದಿನವಿಡೀ ಧರಿಸಿ ದುಡಿಯುವುದು ಕಷ್ಟ. ಹದಿನೆಂಟು ವರ್ಷ ತುಂಬದವರನ್ನು ಈ ಕೆಲಸಕ್ಕೆ ಹಚ್ಚಬಾರದು. ಪ್ರತಿಯೊಬ್ಬನ ಹೆಸರೂ ಹಾಜರಿಯಲ್ಲಿ ಬರಬೇಕು, ಅದರ ಪ್ರತಿ ಟ್ರಸ್ಟಿನಲ್ಲಿ ಉಳಿಯಬೇಕು. ಮುಂದೊಂದು ದಿನ ಆ ಮನುಷ್ಯನಿಗೆ ಪರಿಹಾರಕ್ಕೆ ಸಾಕ್ಷಿ ಅದೊಂದೇ ಆಗಬಹುದು. ಕೆಲಸದ ಆರಂಭದಲ್ಲಿಯೂ ವರ್ಷಕ್ಕೊಮ್ಮೆಯೂ ಎದೆಯ ಎಕ್ಸ್-ರೇ ತೆಗೆಸಿ ವೈದ್ಯರಿಗೆ ತೋರಿಸಬೇಕು; ಅದರ ಖರ್ಚು ಕೆಲಸಗಾರನ ಕೂಲಿಯಿಂದ ಕಡಿಯಬಾರದು.

ಇದಕ್ಕೆ ಹಣ ಬೇಕು. ಕರಾರಿನ ಮೊತ್ತ ಏರುತ್ತದೆ, ಕೆಲಸ ನಿಧಾನವಾಗುತ್ತದೆ. ಪಂಚಕಲ್ಯಾಣದ ತಿಥಿ ಮೊದಲೇ ಗೊತ್ತಾಗಿ, ಆಮಂತ್ರಣ ಅಚ್ಚಾಗಿ, ಅದಕ್ಕೆ ಸರಿಯಾಗಿ ಕೆಲಸ ಮುಗಿಸಬೇಕೆಂಬ ಅವಸರವೇ ಎಷ್ಟೋ ಕಡೆ ನೀರಿನ ಕೊಳವೆಯನ್ನು ಪಕ್ಕಕ್ಕೆ ಸರಿಸುತ್ತದೆ. ಮಂಡಳಿ ಇಲ್ಲಿ ಒಂದನ್ನು ಆಯ್ದುಕೊಳ್ಳಬೇಕಾಗುತ್ತದೆ: ಮಂಟಪದಲ್ಲಿ ಎರಡು ಕಂಬ ಕಡಿಮೆಯಾದರೂ ಆಗಲಿ, ಪ್ರತಿಷ್ಠೆ ಒಂದು ವರ್ಷ ಮುಂದೆ ಹೋದರೂ ಹೋಗಲಿ ಎನ್ನುವ ಧೈರ್ಯ. ಹಾಗೆ ನಿಶ್ಚಯಿಸಿದ ಅಧ್ಯಕ್ಷನಿಗೆ ಸಭೆಯಲ್ಲಿ ಹೊಗಳಿಕೆ ಸಿಗಲಾರದು. ಟೀಕೆ ಬರುವುದೇ ಹೆಚ್ಚು. ಆದರೆ ದಾನಿಗಳಿಗೆ ಕಾರಣವನ್ನು ಬಿಡಿಸಿ ಹೇಳಿದರೆ ಅರ್ಥಮಾಡಿಕೊಳ್ಳುವವರ ಕೊರತೆ ಸಮಾಜದಲ್ಲಿಲ್ಲ. ರಾತ್ರಿಭೋಜನವನ್ನು ಬಿಟ್ಟು, ಗಡ್ಡೆಗೆಣಸನ್ನು ಬಿಟ್ಟು ಬಾಳುವವರಿಗೆ ಒಂದು ಜೀವಕ್ಕಾಗಿ ಒಂದು ವರ್ಷ ಕಾಯುವುದು ಹೊಸ ಪಾಠವಲ್ಲ. ಟ್ರಸ್ಟುಗಳು ಒಟ್ಟಾಗಿ ಒಂದೇ ಷರತ್ತನ್ನು ಹಾಕಿದರೆ ಗುತ್ತಿಗೆದಾರರೂ ಬೇರೆ ದಾರಿಯಿಲ್ಲದೆ ಅದಕ್ಕೆ ಒಗ್ಗಿಕೊಳ್ಳುತ್ತಾರೆ. ಆಗ ಅನ್ಯಮತೀಯ ಮಂದಿರಗಳಿಗಾಗಿ ಅದೇ ಶೆಡ್ಡಿನಲ್ಲಿ ಕೆತ್ತುವವನ ಉಸಿರೂ ಉಳಿಯುತ್ತದೆ.

ಔಷಧದಾನ ಮತ್ತು ಅಭಯದಾನ

ಈಗಾಗಲೇ ರೋಗಕ್ಕೆ ತುತ್ತಾದವರ ವಿಷಯ ಉಳಿಯುತ್ತದೆ. ಗಂಟುಗಳನ್ನು ಕರಗಿಸಲು ಬಾರದಿದ್ದರೂ ಮಾಡಬಹುದಾದುದು ಏನೂ ಇಲ್ಲವೆಂದಲ್ಲ. ಧೂಳಿನಿಂದ ದೂರವಾದ ಬೇರೆ ಕೆಲಸ, ಬೀಡಿ-ಸಿಗರೇಟಿನ ತ್ಯಾಗ, ಕ್ಷಯದ ತಪಾಸಣೆ ಮತ್ತು ಪೂರ್ಣ ಚಿಕಿತ್ಸೆ, ಇತರ ಸೋಂಕುಗಳಿಗೆ ಸಕಾಲದಲ್ಲಿ ಔಷಧಿ ಇವೆಲ್ಲ ಆಯುಷ್ಯವನ್ನೂ ನೆಮ್ಮದಿಯನ್ನೂ ಹೆಚ್ಚಿಸುತ್ತವೆ. ಹೊಗೆಸೊಪ್ಪು ಮುಂತಾದವುಗಳಿಂದ ಶ್ವಾಸನಾಳಗಳು ಕಟ್ಟಿಕೊಳ್ಳುವ ದೀರ್ಘವ್ಯಾಧಿಯಲ್ಲಿ, ರಕ್ತದ ಆಮ್ಲಜನಕ ತೀರ ಇಳಿದವರಿಗೆ ದಿನಕ್ಕೆ ಹದಿನೈದು ಗಂಟೆಗಳಷ್ಟು ಆಮ್ಲಜನಕ ಕೊಟ್ಟರೆ ಬದುಕು ಉದ್ದವಾಗುವುದೆಂದು 1981ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು: ಐದು ವರ್ಷಗಳಲ್ಲಿ ಆಮ್ಲಜನಕ ಪಡೆದ 42 ಮಂದಿಯಲ್ಲಿ 19 ಮಂದಿ, ಪಡೆಯದ 45 ಮಂದಿಯಲ್ಲಿ 30 ಮಂದಿ ತೀರಿಕೊಂಡಿದ್ದರು. ಸಿಲಿಕೋಸಿಸ್ ಉಲ್ಬಣಿಸಿ ಆಮ್ಲಜನಕ ಕುಸಿದವರಿಗೂ ವೈದ್ಯರು ಇದೇ ನೆರವನ್ನು ಸೂಚಿಸುತ್ತಾರೆ. ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರವೊಂದು ಬಡವನ ಮನೆಗೆ ಭಾರವಾದ ಖರ್ಚು. ಟ್ರಸ್ಟಿಗೆ ಅದು ಉತ್ಸವದ ಒಂದು ದಿನದ ಅಲಂಕಾರಕ್ಕಿಂತ ಹೆಚ್ಚಾಗಲಾರದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಕನ್ನಡ ನಾಡಿನ ಜೈನ ಪರಂಪರೆಯಲ್ಲಿ ಬರಿಯ ಪುಸ್ತಕದ ಮಾತಾಗಿ ಉಳಿದಿಲ್ಲ. ಧರ್ಮಸ್ಥಳ ಕ್ಷೇತ್ರದ ಹೆಸರು ಚತುರ್ದಾನದೊಡನೆ ಹೆಣೆದುಕೊಂಡಿರುವುದು ಎಲ್ಲರೂ ಬಲ್ಲ ಸಂಗತಿ. ಜಿನಾಲಯವನ್ನು ಕೆತ್ತಿದವನಿಗೆ ಕೊಡುವ ಔಷಧವನ್ನು ದಾನವೆನ್ನುವುದಕ್ಕಿಂತ ಋಣ ತೀರಿಸುವುದೆಂದು ಹೇಳುವುದೇ ಸರಿ. ಅಭಯದಾನವೆಂದರೆ, ಮುಂದೆ ಉಳಿ ಹಿಡಿಯಲಿರುವ ಹುಡುಗನಿಗೆ ಈ ಕೆಲಸ ನಿನ್ನ ಉಸಿರನ್ನು ತೆಗೆಯುವುದಿಲ್ಲವೆಂದು ಭರವಸೆ ಕೊಡಬಲ್ಲ ಸ್ಥಿತಿಯನ್ನು ನಿರ್ಮಿಸುವುದು. ಭಯಗಳಲ್ಲಿ ಮರಣಭಯವೇ ದೊಡ್ಡದು. ಅದನ್ನು ನೀಗುವ ದಾನಕ್ಕೆ ಆಚಾರ್ಯರು ಶ್ರೇಷ್ಠಸ್ಥಾನ ಕೊಟ್ಟಿರುವುದು ಸಕಾರಣವಾಗಿದೆ.

ಜಿನಬಿಂಬದ ಮುಂದೆ ಕೈಮುಗಿದು ನಿಂತ ಭಕ್ತನು ನೋಡುವುದು ವೀತರಾಗನ ಶಾಂತಮುದ್ರೆಯನ್ನು. ಪದ್ಮಾಸನದಲ್ಲಿಯೋ ಕಾಯೋತ್ಸರ್ಗದಲ್ಲಿಯೋ ಇರುವ ಆ ಮೂರ್ತಿಯ ಮುಖದಲ್ಲಿ ಅಂಥ ಪ್ರಶಾಂತಿಯನ್ನು ಮೂಡಿಸಿದ ಕೈಗಳು ಯಾರವೆಂದು ಸಾಧಾರಣವಾಗಿ ಯಾರೂ ಕೇಳುವುದಿಲ್ಲ. ಇನ್ನು ಮುಂದೆ ಕೇಳುವುದು ಶ್ರಾವಕನಿಗೆ ಉಚಿತ. ಹೊಸ ನಿರ್ಮಾಣಕ್ಕೆ ಕೈಹಾಕುವ ಪ್ರತಿಯೊಂದು ಟ್ರಸ್ಟೂ ತನ್ನ ಮೊದಲ ಸಭೆಯ ನಡಾವಳಿಯಲ್ಲಿ, ಕಲ್ಲಿನ ಆಯ್ಕೆಗಿಂತ ಮೊದಲು, ಕೆತ್ತುವವರ ಶ್ವಾಸರಕ್ಷಣೆಯ ನಿರ್ಣಯವನ್ನು ಬರೆದುಕೊಳ್ಳಲಿ. ಕೆಲಸ ಮುಗಿದು ಪ್ರತಿಷ್ಠೆಯಾಗುವ ದಿನ ಆ ಶಿಲ್ಪಿಗಳನ್ನು ಅವರ ಮಡದಿ ಮಕ್ಕಳೊಡನೆ ಕರೆಸಿ, ಆರೋಗ್ಯವಾಗಿ ನಿಂತಿರುವ ಅವರಿಗೆ ಗೌರವ ಸಲ್ಲಿಸಲಿ. ಜೀವಗಳ ಪರಸ್ಪರ ಉಪಕಾರವನ್ನು ತನ್ನ ಲಾಂಛನದಲ್ಲಿಯೇ ಬರೆದುಕೊಂಡಿರುವ ಸಮಾಜಕ್ಕೆ ಇದು ಸಾಧ್ಯವಾಗದ ಕಾರ್ಯವಲ್ಲ.